ಕೂತು ನೋಡ್ರಿ, ಕೈ ಎತ್ತಿ ನೋಡ್ರಿ

ಸಿರುಗುಪ್ಪದ ಆ ಟೇಲರ್ ಮಾಸ್ತರ ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯೊಂದಿತ್ತು. ಆದರೆ ಅದರ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಗಿರಾಕಿ ಹೊಸ ಅಂಗಿ ತೊಟ್ಟು, ಎದೆ ಉಬ್ಬಿಸಿ, ಕನ್ನಡಿಯ ಮುಂದೆ ನಿಂತು ಬೀಗುತ್ತಿದ್ದರೆ ಇವರು ಹಿಂದಿನಿಂದ ಒಂದು ಸ್ಟೂಲು ಎಳೆದು ಹಾಕುವರು. "ಕನ್ನಡಿ ಮುಂದ ಎಲ್ಲಾರೂ ಉಸುರು ಹಿಡದು ನಿಂದರತಾರ್ರಿ. ಕೂತು ನೋಡ್ರಿ. ಕೈ ಎತ್ತಿ ನೋಡ್ರಿ. ಬಗ್ಗಿ ಚಪ್ಪಲಿ ಹಾಕ್ಕೊಂಡು ನೋಡ್ರಿ." ಗಿರಾಕಿ ನಾಚಿಕೊಂಡು ಕೂತು, ಕೈ ಎತ್ತಿ, ಬಗ್ಗಿ ಎದ್ದ ಮೇಲೇ ಅಂಗಿಯನ್ನು ಪೇಪರಿನಲ್ಲಿ ಸುತ್ತುತ್ತಿದ್ದರು.

ಅವರು ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ರಾರಾವಿಯಲ್ಲಿ ಒಬ್ಬರ ಮನೆಗೆ ಕ್ಯಾಮೆರಾ ಕೂರಿಸಲು ಹೋಗಿದ್ದೆ. ಯಜಮಾನರ ಅಂಗಿಯ ಕಾಲರು ನೋಡುತ್ತಲೇ ಗುರುತು ಸಿಕ್ಕಿ, "ಇದು ಸಿರುಗುಪ್ಪದ ಮಾಸ್ತರ ಕೈಯದಲ್ಲೇನ್ರಿ?" ಎಂದು ಕೇಳಿದೆ. "ಅವರದೇ. ಆದ್ರ ಮಾಸ್ತರು ಹೋಗಿ ಎರಡು ತಿಂಗಳಾತಲ್ರಿ, ನಿಮಗ ಗೊತ್ತಿಲ್ಲೇನು?" ಎಂದರು. ಗೊತ್ತಿರಲಿಲ್ಲ. ಕೆಲಸ ಮುಗಿಸಿ ಬೈಕನ್ನು ಬಳ್ಳಾರಿಯ ಕಡೆಗೆ ತಿರುಗಿಸದೆ ಸಿರುಗುಪ್ಪದ ಕಡೆಗೆ ತಿರುಗಿಸಿದೆ.

ಅವರು ನನ್ನ ನೆಂಟರಲ್ಲ, ಓಣಿಯವರಲ್ಲ, ಜಾತಿಯವರಂತೂ ಅಲ್ಲವೇ ಅಲ್ಲ. ಅವರಿಗೆ ಇಂಟರ್ನೆಟ್ ಮಾರಲು ಹೋದವನು ನಾನು. ಮಾರಲು ಆಗಲಿಲ್ಲ. ನಮ್ಮ ಪರಿಚಯ ಬೆಳೆದದ್ದೇ ಅಲ್ಲಿಂದ.

ಅದು ಬಳ್ಳಾರಿಯಲ್ಲಿ ಗಣಿ ದುಡ್ಡು ಹರಿದಾಡುತ್ತಿದ್ದ ಕಾಲ. ನಾನು ಕೆಲಸಕ್ಕಿದ್ದ ಸಣ್ಣ ಕಂಪನಿ ಟವರ್ ನಿಲ್ಲಿಸಿ ಗಾಳಿಯಲ್ಲೇ ಇಂಟರ್ನೆಟ್ ಕೊಡುತ್ತಿತ್ತು. ಬಳ್ಳಾರಿಯಲ್ಲೊಂದು ಟವರ್, ಕುರುಗೋಡಿನ ಬಂಡೆಗುಡ್ಡದ ಹತ್ತಿರ ಇನ್ನೊಂದು, ಸಿರುಗುಪ್ಪದಲ್ಲಿ ಮತ್ತೊಂದು. ಆಗ ಊರಿಗೆಲ್ಲ ಮುಳ್ಳಿನ ಹುಚ್ಚು. ಹೊಸ ಕಾರು ಕೊಂಡವರು ಸ್ಪೀಡಿನ ಮುಳ್ಳು ಎಲ್ಲಿಗೆ ಮುಟ್ಟಿತು ಎಂದು ಹೇಳಿಕೊಳ್ಳುವರು, ಅದಿರಿನವರು ತೂಕದ ಮುಳ್ಳಿನ ಲೆಕ್ಕ ಹೇಳುವರು. ನಮ್ಮ ಕೈಯಲ್ಲೂ ಒಂದು ಮುಳ್ಳಿತ್ತು. ಕಂಪ್ಯೂಟರಿನಲ್ಲಿ ಕಂಪನಿಯ ಸ್ಪೀಡ್ ಟೆಸ್ಟ್ ಪುಟ ತೆಗೆದು ಗುಂಡಿ ಒತ್ತಿದರೆ ಅರ್ಧಚಂದ್ರದಂಥ ಗಡಿಯಾರದಲ್ಲಿ ಮುಳ್ಳು ಸರ್ರನೆ ಬಲಕ್ಕೆ ಹೋಗಿ ತುದಿಯಲ್ಲಿ ನಡುಗುತ್ತಾ ನಿಲ್ಲುತ್ತಿತ್ತು. ಗಣಿ ಆಫೀಸುಗಳ ಯಜಮಾನರು ಅದನ್ನು ನೋಡಿದ ಕೂಡಲೇ ಸಹಿ ಹಾಕುತ್ತಿದ್ದರು. ಆ ಇಂಟರ್ನೆಟ್ಟಿನಿಂದ ಏನು ಮಾಡಬೇಕು ಎಂದು ಕೇಳಿದವರು ಕಡಿಮೆ.

ಟೆಸ್ಟ್ ಮಾಡುವ ವಿಧಾನವನ್ನು ನಮ್ಮ ಮ್ಯಾನೇಜರ್ ಕಲಿಸಿಕೊಟ್ಟಿದ್ದರು. ಬೆಳಿಗ್ಗೆ ಆಫೀಸುಗಳು ತೆರೆಯುವ ಮುಂಚೆ ಹೋಗಬೇಕು. ಬೇರೆ ಕಂಪ್ಯೂಟರುಗಳನ್ನೆಲ್ಲ ಆರಿಸಬೇಕು. ಇಂಟರ್ನೆಟ್ ಡಬ್ಬಿಯ ವೈರನ್ನು ನೇರವಾಗಿ ಒಂದಕ್ಕೇ ಚುಚ್ಚಬೇಕು. ಹೆಣ್ಣು ನೋಡಲು ಬರುತ್ತಾರೆಂದರೆ ಮನೆ ಗುಡಿಸಿ ಸಾರಿಸುವುದಿಲ್ಲವೇ, ಹಾಗೆ. ಅದರಲ್ಲಿ ತಪ್ಪಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ, ಎಲ್ಲ ಕಂಪನಿಗಳವರೂ ಅದನ್ನೇ ಮಾಡುತ್ತಿದ್ದರು.

ಹೀಗೆ ಒಂದು ಬೆಳಿಗ್ಗೆ ಮಾಸ್ತರ ಅಂಗಡಿಗೆ ಹೋದೆ. ಮುಂದಿನ ಅರ್ಧದಲ್ಲಿ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ಪರದೆ ಕಟ್ಟಿ ಎರಡು ಕಂಪ್ಯೂಟರು. ರೆಡಿಮೇಡ್ ಅಂಗಡಿಗಳು ಬಂದು ಹೊಲಿಗೆ ತಗ್ಗಿದ್ದರಿಂದ ಇಂಟರ್ನೆಟ್ ಸೆಂಟರ್ ಮಾಡಿದ್ದಾರೆ ಎಂದು ಊರವರು ಹೇಳುತ್ತಿದ್ದರು. ಐವತ್ತು ದಾಟಿದ ಮನುಷ್ಯ, ತೆಳ್ಳಗೆ, ಕತ್ತರಿಸಿ ತೀಡಿದ ಗಡ್ಡ. ಕಿವಿಯ ಮೇಲೆ ಸೀಮೆಸುಣ್ಣದ ಚೂರು. ಅಳತೆಯನ್ನು ತೆಲುಗಿನಲ್ಲಿ ಎಣಿಸುವರು, ಬೈಗುಳ ಉರ್ದುವಿನಲ್ಲಿ, ವ್ಯವಹಾರವೆಲ್ಲ ಕನ್ನಡದಲ್ಲಿ.

ತೋರಿಸಲೆಂದು ತಂದಿದ್ದ ಡಬ್ಬಿಯನ್ನೂ ಪುಟ್ಟ ಡಿಶ್ಶನ್ನೂ ತಾತ್ಕಾಲಿಕವಾಗಿ ಹಚ್ಚಿ ನಾನು ಗುಂಡಿ ಒತ್ತಿದೆ. ಮುಳ್ಳು ತುದಿಗೆ ಹೋಯಿತು.

"ಚಂದ ಐತ್ರಿ," ಎಂದರು ಮಾಸ್ತರು. "ನಿಂತದ್ದು ಆತು. ಈಗ ಕೂತು ತೋರಿಸ್ರಿ."

ನನಗೆ ಅರ್ಥವಾಗಲಿಲ್ಲ. ಅವರು ನೆಲವನ್ನು ಕಾಲಿನಿಂದ ಧಪ್ ಧಪ್ ಎಂದು ಒದ್ದರು. ಪರದೆಯ ಹಿಂದೆ ಗುಂಡಿ ಹಚ್ಚುತ್ತ ಕುಳಿತಿದ್ದ ಮಗಳು ತಲೆ ಎತ್ತಿ ಎದ್ದು ಬಂದಳು. ಇಪ್ಪತ್ತೆರಡರ ಹುಡುಗಿ, ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ತಂದೆ ಕೈಯಲ್ಲಿ ಏನೋ ಹೇಳಿದರು. ಅವಳು ನನ್ನನ್ನೂ ಕಂಪ್ಯೂಟರಿನ ಮುಳ್ಳನ್ನೂ ನೋಡಿ, ಮೊಳಕೈಯನ್ನು ಮೇಜಿನ ಮೇಲೆ ಊರಿ ಮುಂಗೈಯನ್ನು ಎಡದಿಂದ ಬಲಕ್ಕೆ ಆಡಿಸಿ ನಕ್ಕಳು.

"ನಿಮಗ ಹೆಸರಿಟ್ಟಳು ತಮ್ಮಾ. ನಮ್ಮ ಮನ್ಯಾಗ ಎಲ್ಲಾರಿಗೂ ಕೈಯಾಗ ಒಂದೊಂದು ಹೆಸರು ಐತಿ. ಇವತ್ತಿಂದ ನೀವು ಮುಳ್ಳಿನವರು."

ಆ ಎರಡು ಕಂಪ್ಯೂಟರುಗಳು ಬಂದದ್ದು ಅವಳಿಗಾಗಿ. ಅವಳು ಓದಿದ ಕಿವುಡ ಮಕ್ಕಳ ವಸತಿ ಶಾಲೆಯ ಗೆಳತಿಯರು ಎಲ್ಲೆಲ್ಲೋ ಚೆದುರಿ ಹೋಗಿದ್ದರು. "ಫೋನ್ ಬಂತು, ಊರಿಗೆಲ್ಲ ಉಪಕಾರ ಆತು. ನನ್ನ ಮಗಳಿಗೆ ಏನೂ ಆಗಲಿಲ್ಲ. ಆಕಿ ಮಾತು ಕೈಯಾಗ ಐತಿ, ಕೈ ಕಾಣಬೇಕು," ಎಂದಿದ್ದರು. ಕ್ಯಾಮೆರಾ ಇದ್ದ ಕಂಪ್ಯೂಟರಿನ ಮುಂದೆ ಕುಳಿತು ಅವಳು ಬಾಗಲಕೋಟೆಯ ಗೆಳತಿಯನ್ನೋ ಸೊಲ್ಲಾಪುರದ ಗೆಳತಿಯನ್ನೋ ಕರೆಯುತ್ತಿದ್ದಳು. ಅಂಗಡಿಯಲ್ಲಿ ಆಗ ಇದ್ದ ಬೇರೆ ಕಂಪನಿಯ ಲೈನಿನಲ್ಲಿ ಮುಖ ಕಾಣುತ್ತಿತ್ತು. ಕೈ ಆಡಿಸಿದೊಡನೆ ಚಿತ್ರವೆಲ್ಲ ಕಲಸಿಹೋಗುತ್ತಿತ್ತು.

ಮಾಸ್ತರನ್ನು ದೇವರು ಮಾಡಲು ನಾನು ಹೊರಟಿಲ್ಲ. ಇಂಟರ್ನೆಟ್ಟಿನಿಂದ ಇಷ್ಟು ಪ್ರಾಮಾಣಿಕತೆ ಬೇಡುತ್ತಿದ್ದ ಈ ಮನುಷ್ಯ ಒಂದೇ ಒಂದು ಅಂಗಿಯನ್ನೂ ಹೇಳಿದ ದಿನಕ್ಕೆ ಕೊಟ್ಟವರಲ್ಲ. "ನಾಳಿ ಬರ್ರಿ, ಕಾಜಾ ಒಂದು ಉಳದೈತಿ." ಗುಂಡಿಯ ಆ ಕಾಜಾ ಒಂದು ವಾರ ಉಳಿದಿರುತ್ತಿತ್ತು. ನನ್ನ ಅಂಗಿಗೂ ಅದೇ ಗತಿ. ಹೊಗಳಿಕೆಯೆಂದರೆ ಬಲು ಇಷ್ಟ, ಯಾರಾದರೂ ಬೇರೆ ಟೇಲರನ್ನು ಹೊಗಳಿದರೆ ಆ ದಿನವೆಲ್ಲ ಯಂತ್ರ ಜೋರಾಗಿ ತುಳಿಯುವರು. ಇನ್ನೊಂದು, ಅದಿರಿನ ಕೆಂಪು ಧೂಳು ವೈರಿನೊಳಗೆ ಸೇರಿಕೊಂಡು ಇಂಟರ್ನೆಟ್ ಕಟ್ಟಿಕೊಳ್ಳುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ವೈರನ್ನು ತಿಕ್ಕುವರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಬಳ್ಳಾರಿಗೆ ಹೋದ ಬಿಳಿ ಅಂಗಿ ಸಂಜಿಗೆ ಕಾವಿ ಆಗಿ ಬರತೈತಿ. ವೈರ್ ಅಲ್ಲಿಂದಾನೇ ಬರತೈತಲ್ಲೋ?" ಎಂದು ನನ್ನನ್ನೇ ಕೇಳುವರು.

ನಾನು ಹೋಗಿ ಬಂದು ಮಾಡತೊಡಗಿದ ಕೆಲವು ದಿನಕ್ಕೆ ಮಗಳಿಗೊಂದು ಸಂಬಂಧ ಬಂತು. ತಂದವರು ಮಾಸ್ತರ ಅಣ್ಣ. ಬಳ್ಳಾರಿಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ, ಗಣಿಯ ದಯೆಯಿಂದ ಕೈ ತುಂಬ ವ್ಯಾಪಾರ. ಹುಡುಗನಿಗೂ ಕಿವಿ ಕೇಳದು. ಮುಂಬೈಯಲ್ಲಿ ಕಸೂತಿ ಯಂತ್ರದ ಕೆಲಸ. ಮನೆತನ ಒಳ್ಳೆಯದು. ರಂಜಾನಿನ ಆರ್ಡರುಗಳು ತುಂಬಿದ್ದರಿಂದ ಅವನಿಗೆ ರಜೆ ಇಲ್ಲ, ಮದುವೆಗೇ ನೇರವಾಗಿ ಬರುವುದು. ಫೋಟೋ ಎರಡೂ ಕಡೆ ಹೋಗಿ ಬಂದಿತ್ತು. ಹುಡುಗನ ಮನೆಯವರು ಮಾತು ಮುಗಿಸಲು ಬರುವ ಭಾನುವಾರವೂ ಗೊತ್ತಾಗಿತ್ತು.

ಮಾಸ್ತರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಮಗಳು ಹುಡುಗನ ಜೋಡಿ ಮಾತಾಡಬೇಕು ಭಾಯ್," ಎಂದರು. ಆಗ ನಾನು ಅಲ್ಲೇ ಇದ್ದೆ.

"ಮಾತಾ?" ಅಣ್ಣನಿಗೆ ನಗು ಬಂತು. "ಮಾತು ಬರದ ಹುಡುಗಿಗೆ ಮಾತೇನಲೇ? ಆ ಹುಡುಗಗಾದ್ರೂ ಬರತೈತೇನು?"

"ಬರತೈತಿ. ಇಬ್ಬರಿಗೂ ಬರತೈತಿ. ನಿನಗ ಬರಂಗಿಲ್ಲ ಅಷ್ಟ."

ಅಣ್ಣನ ಮುಖ ಕೆಂಪಾಯಿತು. ಆದರೆ ಅವರೂ ಕೆಟ್ಟವರಲ್ಲ. ಇಂಥ ಹುಡುಗಿಗೆ ಇಂಥ ಸಂಬಂಧ ಮತ್ತೊಂದು ಬರುವುದಿಲ್ಲ, ಇದಕ್ಕೆ ಕೊಂಕು ತೆಗೆದರೆ ಊರಲ್ಲಿ ಹೆಸರು ಕೆಡುತ್ತದೆ ಎಂಬ ಭಯ ಅವರಿಗೆ. ಮಾಸ್ತರಿಗೆ ಇದ್ದದ್ದು ಬೇರೆ ಭಯ. "ಜೀವನಪೂರ್ತಿ ಆ ಮನ್ಯಾಗ ಆಕಿ ಮಾತು ತಿಳಿಯೋದು ಅವನೊಬ್ಬಗ. ಅವನ ಜೋಡೀನೂ ಮಾತು ಹೊಂದಲಿಲ್ಲ ಅಂದ್ರ ಆಕಿ ಯಾರ ಜೋಡಿ ಮಾತಾಡಬೇಕು?" ಇದನ್ನು ಅವರು ನನಗೆ ಹೇಳಿದ್ದು ಅಣ್ಣ ಹೋದ ಮೇಲೆ, ಯಂತ್ರದ ಮೇಲೆ ಕೈ ಇಟ್ಟುಕೊಂಡು, ನನ್ನನ್ನು ನೋಡದೆ.

ಶುಕ್ರವಾರ ಮಧ್ಯಾಹ್ನ ಹುಡುಗನಿಗೆ ಬಿಡುವು. ಜುಮ್ಮಾ ನಮಾಜು ಮುಗಿಸಿ ಅವನು ಮುಂಬೈಯ ಒಂದು ಸೆಂಟರಿಗೆ ಬರುತ್ತಾನೆ ಎಂದು ಗೊತ್ತಾಯಿತು. ನಾನು ನಮ್ಮ ಕಂಪನಿಯ ಡಬ್ಬಿ ತಂದು, ತಾರಸಿಯ ಮೇಲೆ ಡಿಶ್ ಕೂರಿಸಿ, ಹಣ ಆಮೇಲೆ ನೋಡೋಣ ಎಂದು ಲೈನು ಕೊಟ್ಟೆ. ಮುಳ್ಳು ತುದಿ ಮುಟ್ಟಿತು. ಅಣ್ಣನೂ ಬಂದಿದ್ದರು. ಮುಳ್ಳು ನೋಡಿ ಅವರೇ ಮೊದಲು "ವಾಹ್" ಎಂದರು.

ಕರೆ ಹತ್ತಿತು. ಹುಡುಗ ಕಾಣಿಸಿದ. ತಲೆ ತುಂಬ ಕೂದಲು, ಸಂಕೋಚದ ನಗೆ. ಅವನು ಕೈ ಎತ್ತಿದ, ಕೈ ಹೊಗೆಯಾಯಿತು. ಮೋಡದಂಥದ್ದೇನೋ ಎದೆಯ ಮೇಲೆ ಓಡಾಡಿತು, ಆಮೇಲೆ ಎಲ್ಲ ನಿಂತುಹೋಯಿತು. ಮತ್ತೆ ಹತ್ತಿಸಿದೆವು. ಮುಖ ಬಂತು, ಕೈ ಬರಲಿಲ್ಲ. ಇವಳ ಕೈಯೂ ಅವನಿಗೆ ಕಾಣುತ್ತಿರಲಿಲ್ಲ ಎಂಬುದು ಅವನ ಕಣ್ಣು ಕಿರಿದಾದದ್ದರಲ್ಲೇ ತಿಳಿಯುತ್ತಿತ್ತು. ಹುಡುಗಿ ಕೊನೆಗೆ ಮೇಜಿನ ಮೇಲೆ ಅಂಗೈ ಅಪ್ಪಳಿಸಿ ಎದ್ದು ಒಳಗೆ ಹೋದಳು. ಅಷ್ಟು ಜೋರಾದ ಸದ್ದು ಅವಳಿಗೆ ಕೇಳುವುದಿಲ್ಲ ಎಂದು ನೆನೆದು ನನಗೆ ಸಂಕಟವಾಯಿತು.

"ನೋಡಿದೇನು? ಇದು ಅಲ್ಲಾಹನ ಇಶಾರಾ. ಸುಮ್ಮನ ಹೂಂ ಅನ್ನು," ಎಂದು ಅಣ್ಣ ಎದ್ದರು.

ಮಾಸ್ತರು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ನಿಂತಾಗ ಸರಿ ಇತ್ತು ತಮ್ಮಾ. ಕೂತಾಗ ಹರೀತು. ಎಲ್ಲಿ ಹರೀತು ಅಂತ ನೋಡಬೇಕಲ್ಲ?" ಎಂದರು.

ಬಳ್ಳಾರಿಗೆ ಬಂದು ಮ್ಯಾನೇಜರಿಗೆ ಹೇಳಿದೆ. "ಮುಳ್ಳು ಸರಿ ಐತಲ್ಲ? ಮತ್ತೇನು ಕಂಪ್ಲೇಂಟು?" ಎಂದರು. ಆ ಪ್ರಶ್ನೆಯನ್ನು ನಾನೂ ಎಷ್ಟೋ ಗಿರಾಕಿಗಳಿಗೆ ಕೇಳಿದ್ದೆ. ಆದರೆ ಆ ಹುಡುಗಿ ಎದ್ದು ಹೋದದ್ದನ್ನು ಕಂಡವನಿಗೆ ಅದು ಸಾಕಾಗಲಿಲ್ಲ. ಟವರಿನ ಕೆಲಸ ನೋಡಿಕೊಳ್ಳುತ್ತಿದ್ದ ಗೆಳೆಯನ ಪಕ್ಕದಲ್ಲಿ ಕುಳಿತು ಆ ಮುಳ್ಳು ಅಳೆಯುತ್ತಿರುವುದು ಏನನ್ನು ಎಂದು ಮೊದಲ ಸಲ ಕೇಳಿದೆ. ಉತ್ತರ ಸರಳವಾಗಿತ್ತು. ಟೆಸ್ಟಿನ ಪುಟ ಇದ್ದದ್ದು ನಮ್ಮ ಬಳ್ಳಾರಿ ಆಫೀಸಿನ ಕಂಪ್ಯೂಟರಿನಲ್ಲೇ. ಸಿರುಗುಪ್ಪದಿಂದ ನಮ್ಮ ಆಫೀಸಿನ ತನಕದ ದಾರಿಯಷ್ಟನ್ನೇ ಮುಳ್ಳು ಅಳೆಯುತ್ತಿತ್ತು. ಅಲ್ಲಿಂದ ಹೊರಜಗತ್ತಿಗೆ ಹೋಗುವ ಒಂದೇ ಕೊಳವೆಯಲ್ಲಿ ಗಣಿ ಆಫೀಸುಗಳೆಲ್ಲ ನುಗ್ಗುತ್ತಿದ್ದವು, ಅದರಲ್ಲೂ ಮಧ್ಯಾಹ್ನ. ಮತ್ತೊಂದು, ನಾವು ತೋರಿಸುತ್ತಿದ್ದದ್ದು ಬರುವ ದಾರಿಯ ವೇಗ. ನಮ್ಮ ಕಡೆಯಿಂದ ಹೋಗುವ ದಾರಿ ತೀರಾ ಇಕ್ಕಟ್ಟು. ಪುಟ ಓದುವವನಿಗೆ ಬರುವ ದಾರಿ ಸಾಕು. ತನ್ನ ಕೈ ತೋರಿಸಬೇಕಾದವಳಿಗೆ ಹೋಗುವ ದಾರಿಯೂ ಬೇಕು.

ಮಾಸ್ತರು ಸೂಜಿಗೆ ದಾರ ಪೋಣಿಸುತ್ತ ಇದನ್ನೆಲ್ಲ ಕೇಳಿಸಿಕೊಂಡರು. "ಅಂದ್ರ ಸಿರುಗುಪ್ಪದಿಂದ ಬಳ್ಳಾರಿ ತನಕ ಅಳದು, ಮುಂಬೈ ಮುಟ್ಟಿದ್ವಿ ಅಂತೀರಿ. ಬಳ್ಳಾರಿ ದಾಟಿದ ಮ್ಯಾಲೆ ಹೊಸಪೇಟಿ ರೋಡಿನ್ಯಾಗ ಅದಿರಿನ ಲಾರಿ ಸಾಲುಗಟ್ಟಿ ನಿಂತಿರತಾವ. ಅದನ್ನ ಯಾರು ಅಳೀತಾರ?"

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ, "ಧೂಳೂ ಇರತೈತಿ," ಎಂದು ಸೇರಿಸಿದರು. ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಉಳಿದದ್ದು ಒಂದೇ ಶುಕ್ರವಾರ. ಅದಾದ ಭಾನುವಾರ ಹುಡುಗನ ಕಡೆಯವರು ಬರುವವರು. ಮಾಸ್ತರ ಅಂಗಡಿಯ ಪಕ್ಕದ ಔಷಧಿ ಅಂಗಡಿಯ ಶೆಟ್ಟರಲ್ಲಿ ಫೋನಿನ ತಂತಿಯಲ್ಲೇ ಬರುವ ಹಳೆಯ ಕನೆಕ್ಷನ್ ಇತ್ತು. ನಮ್ಮವರು ಅದನ್ನು ಎತ್ತಿನಗಾಡಿ ಎಂದು ಹಾಸ್ಯ ಮಾಡುತ್ತಿದ್ದರು. ಅದರಲ್ಲಿ ಮುಳ್ಳು ಅರ್ಧದ ತನಕವೂ ಏರುತ್ತಿರಲಿಲ್ಲ. ಆದರೆ ಏರಿದಲ್ಲಿ ನಿಲ್ಲುತ್ತಿತ್ತು. "ಒಂದು ತಾಸು ಕೊಡ್ರಿ ಶೆಟ್ರ," ಎಂದರೆ ಅವರು, "ಹುಡುಗಿ ಮದುವಿ ವಿಷಯ, ದಿನಪೂರ್ತಿ ಇಟ್ಕೋರಿ," ಎಂದು ಗೋಡೆಯ ಮೇಲಿಂದ ವೈರು ದಾಟಿಸಿಕೊಟ್ಟರು.

ನಾನು ಮುಳ್ಳು ನೋಡಲು ಹೊರಟೆ. ಮಾಸ್ತರು ಕೈ ಹಿಡಿದರು. "ಅದು ಬ್ಯಾಡ. ಕಚ್ಚಾ ಹೊಲಿಗಿ ಹಾಕಿ ತೊಡಿಸಿ ನೋಡೋಣು. ಆಕಿ ಮತ್ತೊಮ್ಮೆ ಅಳಬಾರದು."

ದೊಡ್ಡ ಬಟ್ಟೆಗಳಿಗೆ ಅವರು ಹಾಗೆಯೇ ಮಾಡುತ್ತಿದ್ದರು. ಉದ್ದುದ್ದ ದಾರದಿಂದ ಸುಮ್ಮನೆ ಹಿಡಿದು ಹೊಲಿದು, ತೊಡಿಸಿ, ಸರಿಬಂದರೆ ಮಾತ್ರ ಪಕ್ಕಾ ಹೊಲಿಗೆ. ಈಗ ತೊಡಿಸಬೇಕಾದದ್ದು ನನಗೆ. ನಾನು ಕುರುಗೋಡಿಗೆ ಹೋಗಿ ಅಲ್ಲಿಯ ಸೆಂಟರಿನಲ್ಲಿ ಕೂರುವುದು, ಮಗಳು ಸಿರುಗುಪ್ಪದಿಂದ ಕೈಯಲ್ಲಿ ಏನಾದರೂ ಹೇಳುವುದು, ನಾನು ಕಂಡದ್ದನ್ನು ಕಂಡ ಹಾಗೇ ಮಾಡಿ ತೋರಿಸುವುದು. ನನಗೆ ಕೈಮಾತು ಬಾರದಿದ್ದುದೇ ಒಳ್ಳೆಯದಾಯಿತು, ಊಹಿಸಿ ಹೇಳುವ ಹಾಗಿರಲಿಲ್ಲ.

"ಈಗ ಬೆಳಿಗ್ಗೆಯೇ ಹೋಗಲೇನ್ರಿ?" ಎಂದೆ.

"ಲಗ್ನದ ಶೇರ್ವಾನಿ ಬರೇ ಹೊಟ್ಟೀಲೆ ತೊಟ್ಟು ನೋಡತಾರೇನ್ರಿ? ಊಟ ಆದ ಮ್ಯಾಲೆ ನೋಡಬೇಕು. ನಾಳಿ ಶುಕ್ರವಾರ ಯಾವ ಹೊತ್ತಿಗೆ ಮಾತೋ, ಇವತ್ತು ಅದೇ ಹೊತ್ತಿಗೆ."

ಗುರುವಾರ ಮಧ್ಯಾಹ್ನದ ಬಿಸಿಲಿನಲ್ಲಿ ಕುರುಗೋಡಿಗೆ ಹೋದೆ. ಬೈಕಿಗೆ ಒಂದು ತಾಸಿನ ದಾರಿ. ಸೆಂಟರಿನ ಲೈನು ಬೇರೆ ಕಂಪನಿಯದು, ಆದ್ದರಿಂದ ಸಿರುಗುಪ್ಪದಲ್ಲಿ ಎತ್ತಿದ ಕೈಯ ಚಿತ್ರ ಬೆಂಗಳೂರೋ ಮದ್ರಾಸೋ ಸುತ್ತಿಕೊಂಡೇ ಕುರುಗೋಡಿಗೆ ಬರಬೇಕಿತ್ತು. ನಮಗೆ ಬೇಕಿದ್ದದ್ದೂ ಅದೇ. ಮೊದಲು ನಮ್ಮ ಕಂಪನಿಯ ಲೈನು ನೋಡಿದೆವು, ಅದೇ ಹೊಗೆ. ಆಮೇಲೆ ಶೆಟ್ಟರ ತಂತಿ. ಚಿತ್ರ ಸಣ್ಣದು, ಬಣ್ಣ ಮಾಸಲು. ಆದರೆ ಕೈ ಕೈಯಾಗಿ ಬಂತು. ಬೆರಳ ತುದಿಗಳು ಮಾತ್ರ ಒಡೆಯುತ್ತಿದ್ದವು.

ಅಷ್ಟರಲ್ಲಿ ಮಾಸ್ತರು ಎದ್ದರು. ಬೆಳಕಿಗೆಂದು ನಡುವಿನ ಪರದೆ ಸರಿಸಿದ್ದರಿಂದ ಹುಡುಗಿಯ ಹಿಂದೆ ಅಂಗಡಿಯ ಬಾಗಿಲಿನಾಚೆ ಆಟೋ, ಎಮ್ಮೆ, ಜನ ಎಲ್ಲ ಹಾಯುತ್ತಿರುವುದು ನನಗೆ ಕಾಣುತ್ತಿತ್ತು. ಅವರು ಸುತ್ತಿಟ್ಟ ಥಾನಿನಿಂದ ಕಡುನೀಲಿ ಬಟ್ಟೆ ಎಳೆದು ಅವಳ ಬೆನ್ನ ಹಿಂದೆ ಪರದೆ ಕಟ್ಟಿದರು. ಕಪ್ಪು ಬಟ್ಟೆಯ ಮೇಲೆ ಬಿಳಿ ದಾರ ಎದ್ದು ಕಾಣುವ ಹಾಗೆ ಕೈ ಕಾಣಲಿ ಎಂದು ಅವರ ಲೆಕ್ಕ. ಹಿಂದಿನ ಓಡಾಟ ನಿಂತದ್ದೇ ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಅಲುಗಾಡುವುದನ್ನೆಲ್ಲ ಹೊತ್ತು ತರಬೇಕಾದ ಲೈನಿಗೆ ಆಟೋ, ಎಮ್ಮೆಗಳ ಹೊರೆ ತಪ್ಪಿತ್ತು ಎಂಬುದನ್ನು ಆಮೇಲೆ ನಾನು ಟವರಿನ ಗೆಳೆಯನಿಂದ ತಿಳಿದೆ. ಹೇಳಿದಾಗ ಮಾಸ್ತರು, "ಹಂಗೇನು?" ಎಂದು ಆಶ್ಚರ್ಯಪಟ್ಟು, ಮರುದಿನದಿಂದ ತಮಗೆ ಮೊದಲೇ ಗೊತ್ತಿತ್ತೆಂಬಂತೆ ಎಲ್ಲರಿಗೂ ಹೇಳತೊಡಗಿದರು.

ಅವಳು ಕೈ ಆಡಿಸಿದಳು, ನಾನು ಆಡಿಸಿದೆ. ಅವಳು ಎದೆ ಮುಟ್ಟಿ, ಎರಡು ಬೆರಳು ಕತ್ತರಿ ಮಾಡಿ, ಅಂಗೈ ಮಗುಚಿ, ಕಿವಿಯ ಹತ್ತಿರ ಬೆರಳು ತಿರುಗಿಸಿದಳು. ನಾನೂ ತಪ್ಪದೆ ಹಾಗೇ ಮಾಡಿದೆ. ಕುರುಗೋಡಿನ ಸೆಂಟರಿನವರು ಗಾಬರಿಯಾಗಿ, "ಅಣ್ಣಾ, ಬಿಸಲಾಗ ಬಂದೀರಿ, ನೀರು ಕುಡೀರಿ," ಎಂದು ಚೊಂಬು ತಂದಿಟ್ಟರು. ಕಂಪ್ಯೂಟರಿನ ಪರದೆಯಲ್ಲಿ ತಂದೆ ಮಗಳಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ಕುರುಗೋಡಿನ ಮಂದಿಯ ಮುಂದೆ ಕೈಯೆತ್ತಿ ಸಾರಿದ್ದು ಏನೆಂದು ಸಂಜೆ ಗೊತ್ತಾಯಿತು: "ನಾನು ಟೇಲರ್. ಅಂಗಿ ಇವತ್ತು ಆಗಿಲ್ಲ. ನಾಳೆ ಬಾ."

"ನನಗ ಚುಚ್ಚ್ಯಾಳ್ರಿ, ನಿಮ್ಮ ಕೈಲಿಂದ," ಎಂದು ಮಾಸ್ತರು ಕಣ್ಣೊರೆಸಿಕೊಂಡರು. ಅವಳು ನಕ್ಕದ್ದು ಆ ವಾರದಲ್ಲಿ ಅದೇ ಮೊದಲು.

ಶುಕ್ರವಾರ ಅಣ್ಣನೂ ಬಂದರು. ಬರುವುದಿಲ್ಲ ಎಂದವರು ಶೇಂಗಾ ಚಿಕ್ಕಿಯ ಪೊಟ್ಟಣ ಹಿಡಿದುಕೊಂಡೇ ಬಂದರು. ಹುಡುಗಿ ನೀಲಿ ಪರದೆಯ ಮುಂದೆ ಕೂತಳು. ಇನ್ನೊಂದು ಕಂಪ್ಯೂಟರು ಆರಿಸಿದೆವು. ಕರೆ ಹತ್ತಿತು, ಹುಡುಗ ಕಂಡ, ಕೈ ಎತ್ತಿದ. ಕೈ ಬಂತು, ಐದೂ ಬೆರಳಿನ ಸಮೇತ. ಅವಳು ಉತ್ತರ ಕೊಟ್ಟಳು. ಅವನು ತಲೆಯಾಡಿಸಿದ. ನಾವು ಮೂವರೂ ಬಾಯಿ ತೆರೆದು ನೋಡುತ್ತ ನಿಂತಿದ್ದೆವು.

ಆಗ ಮಾಸ್ತರು ಮಾಡಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಒಂದು ವಾರ ಆ ಕೈಗಳನ್ನು ಕಾಣಲೆಂದೇ ಹೆಣಗಿದ ಮನುಷ್ಯ, ಅವು ಕಂಡ ಕೂಡಲೇ ತಿರುಗಿ ಗೋಡೆಗೆ ಮುಖ ಮಾಡಿ ನಿಂತರು. "ನೀವೂ ತಿರುಗ್ರಿ," ಎಂದರು.

ನಾನು ತಿರುಗಿದೆ. ಅಣ್ಣ ತಿರುಗಲಿಲ್ಲ. "ನನಗ ಒಂದಕ್ಷರ ತಿಳಿಯಂಗಿಲ್ಲಲೇ. ನೋಡಿದ್ರ ಏನಾತು?"

"ತಿಳೀದಿದ್ರೂ ಬ್ಯಾಡ ಭಾಯ್. ನಿನ್ನ ಮಗಳು ಹುಡುಗನ ಜೋಡಿ ಮಾತಾಡೋ ಮುಂದ ಬಾಗಿಲಿಗೆ ಕಿವಿ ಹಚ್ಚಿ ನಿಂದರತಿದ್ದೇನು? ನನಗಂತೂ ಎಲ್ಲಾ ತಿಳೀತೈತಿ. ಅದಕ್ಕ ತಿರುಗೀನಿ."

ಅಣ್ಣ ಕೆಮ್ಮಿ, ಟೋಪಿ ಸರಿಮಾಡಿಕೊಂಡು, ತಿರುಗಿದರು. ನಾವು ಮೂವರು ಗಂಡಸರು ದಾರದ ಉಂಡೆಗಳ ಗೂಡಿಗೆ ಮುಖ ಕೊಟ್ಟು ಪೆಟ್ಟು ತಿಂದ ಸಾಲಿ ಹುಡುಗರ ಹಾಗೆ ನಿಂತೆವು. ಬೆನ್ನ ಹಿಂದೆ ಬಳೆಯ ಸದ್ದು, ಅಂಗೈಗೆ ಅಂಗೈ ತಟ್ಟಿದ ಸದ್ದು. ನಡುವೆ ಬಹಳ ಹೊತ್ತು ಏನೂ ಇಲ್ಲ. ಮಾಸ್ತರು ಗೂಡಿನ ದಾರದ ಉಂಡೆಗಳನ್ನು ತೆಗೆದು ತೆಗೆದು ಅದೇ ಜಾಗದಲ್ಲಿ ಇಡುತ್ತಿದ್ದರು. ಆಮೇಲೆ ಹುಡುಗಿ ಗಟ್ಟಿಯಾಗಿ ನಕ್ಕಳು. ಮಾಸ್ತರ ಕೈ ಗಾಳಿಯಲ್ಲೇ ನಿಂತಿತು. ತಿರುಗಲಿಲ್ಲ. ಅವರ ಗಡ್ಡ ನಡುಗುವುದು ನನಗೆ ಪಕ್ಕದಿಂದ ಕಾಣುತ್ತಿತ್ತು.

ಕೊನೆಗೆ ಅವಳು ಬಂದು ತಂದೆಯ ಭುಜ ತಟ್ಟಿದಳು. ಕೈಯಲ್ಲಿ ಏನೋ ಹೇಳಿದಳು. ಅವರು ಕೇಳಿದರು, ಅವಳು ಮತ್ತೆ ಅದನ್ನೇ ಹೇಳಿದಳು.

"ಏನಂದ್ಳು? ಹೂಂ ಅಂದ್ಳೋ ಇಲ್ಲಂದ್ಳೋ?" ಅಣ್ಣನಿಗೆ ತಡೆಯಲಾಗಲಿಲ್ಲ.

"ಇನ್ನೊಂದು ಶುಕ್ರವಾರ ಬೇಕಂತ."

"ಯಾ ಅಲ್ಲಾ! ಐತವಾರ ಅವರು ಬರತಾರಲೇ! ಏನು ಹೇಳಲಿ?"

"ಟ್ರಯಲ್ ಮುಗದಿಲ್ಲ, ನಾಳಿ ಬರ್ರಿ ಅಂತ ಹೇಳು," ಎಂದರು ಮಾಸ್ತರು. ತಮ್ಮ ಜೀವನದಲ್ಲಿ ಆ ಮಾತನ್ನು ಅಷ್ಟು ಖುಷಿಯಿಂದ ಅವರು ಯಾವ ಗಿರಾಕಿಗೂ ಹೇಳಿರಲಿಕ್ಕಿಲ್ಲ.

ಸಂಬಂಧ ಮುರಿಯಲಿಲ್ಲ. ಮುಂಬೈಯಿಂದ ಹುಡುಗನೂ ತನ್ನ ಮನೆಯವರಿಗೆ ಅದನ್ನೇ ಹೇಳಿ ಕಳಿಸಿದ್ದನಂತೆ, ನನಗೂ ಇನ್ನೊಂದು ಶುಕ್ರವಾರ ಬೇಕು ಎಂದು. ಆ ಇನ್ನೊಂದು ಶುಕ್ರವಾರ ಹಲವು ಶುಕ್ರವಾರಗಳಾದವು. ಶೆಟ್ಟರ ವೈರು ಗೋಡೆಯ ಮೇಲೆಯೇ ಉಳಿಯಿತು. ಹೊಲಿಗೆ ಬಿಡುವುದಿಲ್ಲ ಎಂದು ಇವಳು, ಕಸೂತಿ ಬಿಡುವುದಿಲ್ಲ ಎಂದು ಅವನು, ಯಾವ ಊರು ಎಂದು ಇಬ್ಬರೂ, ಹೀಗೆ ಜಗಳವಾಡಿಯೇ ಒಪ್ಪಿದರು ಎಂದು ಆಮೇಲೆ ತಿಳಿಯಿತು. ರಂಜಾನ್ ಕಳೆದ ಮೇಲೆ ಮದುವೆಯಾಯಿತು. ಹುಡುಗನ ಶೇರ್ವಾನಿಯನ್ನು ಮಾಸ್ತರು ತಾವೇ ಹೊಲಿದರು. ಅದೊಂದೇ ಹೇಳಿದ ದಿನಕ್ಕೆ ಮುಗಿದದ್ದು.

ನಮ್ಮ ಡಬ್ಬಿಯನ್ನು ಅವರು ವಾಪಸ್ಸು ಕೊಟ್ಟರು. ಕೊಡುವಾಗ ಅದಕ್ಕೊಂದು ನೀಲಿ ಬಟ್ಟೆಯ ಗವಸು ಹೊಲಿದು, ಎರಡು ಗುಂಡಿ ಹಚ್ಚಿದ್ದರು. "ನಿಮ್ಮ ಡಬ್ಬಿ ಕೆಟ್ಟದ್ದಲ್ರಿ. ನಮ್ಮ ಅಳತಿಗೆ ಆಗಲಿಲ್ಲ." ಗಣಿಗಳು ನಿಂತ ಮೇಲೆ ಆ ಕಂಪನಿಯೂ ನಿಂತಿತು, ಮುಳ್ಳೂ ಹೋಯಿತು. ಗವಸು ಇನ್ನೂ ನನ್ನ ಸಾಮಾನಿನ ಚೀಲದಲ್ಲಿದೆ, ಅದರಲ್ಲಿ ಸ್ಕ್ರೂ ಹಾಕಿಕೊಂಡಿದ್ದೇನೆ. ಈಗ ಬಳ್ಳಾರಿಯಲ್ಲಿ, ಕೊಳಗಲ್ಲಿನ ಕಡೆ, ಎಲ್ಲಿಯೇ ಲೈನು ಕೊಡಲು ಹೋಗಲಿ, ಮೊದಲು ಮನೆಯವರನ್ನು ಕೇಳುತ್ತೇನೆ, ಇದರಲ್ಲಿ ಏನು ಮಾಡುತ್ತೀರಿ, ಯಾವ ಹೊತ್ತಿಗೆ ಮಾಡುತ್ತೀರಿ ಎಂದು. ಕೆಲವರು ನಗುತ್ತಾರೆ.

ರಾರಾವಿಯಿಂದ ಬಂದಾಗ ಅಂಗಡಿ ತೆರೆದಿತ್ತು. ಮುಂಬೈಯಲ್ಲಿ ಕೆಲವು ವರ್ಷ ಇದ್ದು ಮಾಸ್ತರ ಕಣ್ಣು ಮಂಜಾದ ಮೇಲೆ ಮಗಳು ಅಳಿಯ ಇಲ್ಲಿಗೇ ಬಂದಿದ್ದರು. ಕಂಪ್ಯೂಟರಿನ ಜಾಗದಲ್ಲಿ ಕಸೂತಿ ಯಂತ್ರ ಕೂತಿದೆ. ನನ್ನನ್ನು ಕಂಡು ಅವಳು ಎದ್ದು ನಿಂತಳು, ಮೊಳಕೈ ಊರಿ ಮುಂಗೈಯನ್ನು ಬಲಕ್ಕೆ ಆಡಿಸಿದಳು. ಆಮೇಲೆ ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಳ್ಳುವಂತೆ ಬೆರಳಿಟ್ಟು, ಅಂಗೈ ಮಗುಚಿದಳು. ಅದು ಅವಳ ತಂದೆ ಹೋದ ಮಾತು. ಕೈ ಮುಗಿದೆ.

ಅಲ್ಲಿ ಆಗಲೇ ಒಬ್ಬ ತರುಣ ಹೊಸ ಫೈಬರ್ ಕನೆಕ್ಷನ್ ಕೊಡಲು ಬಂದು ಕುಳಿತಿದ್ದ. ಗೋಡೆಗೆ ಡಬ್ಬಿ ಹೊಡೆದು, ತನ್ನ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ತೆಗೆದು ಅವಳ ಮುಂದೆ ಹಿಡಿದ. ಮುಳ್ಳು ಸರ್ರನೆ ತುದಿಗೆ ಹೋಯಿತು. ಅವಳು ನನ್ನ ಕಡೆ ನೋಡಿದಳು. ಇಬ್ಬರಿಗೂ ನಗು ಬಂತು. ಅವಳು ಅವನ ಮೊಬೈಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅವನಿಗೆ ಸ್ಟೂಲು ತೋರಿಸಿ ಕೂರಿಸಿದಳು. ತನ್ನ ಮೊಬೈಲನ್ನು ಹೊಲಿಗೆ ಯಂತ್ರಕ್ಕೆ ಆನಿಸಿ, ಬಟ್ಟೆ ತರಲು ಬಳ್ಳಾರಿಗೆ ಹೋಗಿದ್ದ ಗಂಡನಿಗೆ ಕರೆ ಮಾಡಿದಳು. ಅವನ ಮುಖ ಬಂತು. ಅವಳು ಎರಡೂ ಕೈ ಎತ್ತಿದಳು.

ತರುಣ ಕುತೂಹಲದಿಂದ ಕುತ್ತಿಗೆ ಚಾಚಿದ. ನಾನು ಅವನ ಭುಜ ಹಿಡಿದು ಎಬ್ಬಿಸಿ, ದಾರದ ಗೂಡಿನ ಕಡೆ ತಿರುಗಿಸಿ, ಪಕ್ಕದಲ್ಲಿ ನಾನೂ ನಿಂತೆ.

"ಯಾಕ್ರಿ ಅಣ್ಣಾ, ಏನಾತು?"

"ಏನಿಲ್ಲ ತಮ್ಮಾ. ಅವರು ಮಾತಾಡಾಕತ್ಯಾರ."